ಬೈರಾಸು, ಬೀಗ, ಮಾತ್ರೆ: ಕಟ್ಟಿಹಾಕದೆ ನೋಡಿಕೊಳ್ಳುವುದು ಹೇಗೆ? (ದ.ಕ. – ಉಡುಪಿ)

ವಿಶೇಷ ಶಿಕ್ಷಕಿ, ಕಟಪಾಡಿ (ಚರ್ಚೆ ಆರಂಭ)

ನಮ್ಮ ಎರಡು ಜಿಲ್ಲೆಗಳಲ್ಲಿ ಅಂಗವಿಕಲರನ್ನು, ಮಾನಸಿಕ ಅಸ್ವಸ್ಥರನ್ನು ನೋಡಿಕೊಳ್ಳುವ ಮನೆ, ವಸತಿ ಶಾಲೆ, ಆಶ್ರಯಧಾಮಗಳಲ್ಲಿ ದಿನಾ ನಡೆದರೂ ಯಾರೂ ‘ಕಟ್ಟಿಹಾಕುವುದು’ ಎಂದು ಹೆಸರಿಡದ ಕೆಲಸಗಳಿವೆ. ಸೊಂಟಕ್ಕೆ ಬೈರಾಸು (ಟವೆಲು) ಸುತ್ತಿ ಕುರ್ಚಿಗೆ ಗಂಟು ಹಾಕುವುದು. ಕೈ ಕಚ್ಚಿಕೊಳ್ಳುತ್ತಾನೆಂದು ಮೊಣಕೈ ಮಡಚದ ಹಾಗೆ ರಟ್ಟು ಕಟ್ಟುವುದು. ಕೋಣೆಗೆ ಹೊರಗಿನಿಂದ ಚಿಲಕ. ಮಧ್ಯಾಹ್ನ ಗಲಾಟೆ ಬೇಡವೆಂದು ಊಟದೊಂದಿಗೆ ನಿದ್ದೆಯ ಮಾತ್ರೆ. ನಡೆಯುವವಳ ವಾಕರ್ ಎತ್ತಿ ಅಟ್ಟಕ್ಕೆ ಇಡುವುದು. ಗಾಲಿಕುರ್ಚಿಯ ಬ್ರೇಕ್ ಹಾಕಿ ಗೋಡೆಗೆ ಮುಖ ಮಾಡಿ ಬಿಡುವುದು.

ಹೊರದೇಶಗಳಲ್ಲಿ ಇದನ್ನು ಐದು ಬಗೆಯಾಗಿ ವಿಂಗಡಿಸುತ್ತಾರೆ. ಆಸ್ಟ್ರೇಲಿಯಾದ 2018ರ ನಿಯಮಗಳಲ್ಲಿ ಏಕಾಂತಕ್ಕೆ ದೂಡುವುದು, ಔಷಧಿಯಿಂದ ಅಡಗಿಸುವುದು, ಸಾಧನದಿಂದ ಕಟ್ಟುವುದು, ಮೈಬಲದಿಂದ ಹಿಡಿಯುವುದು, ಸುತ್ತಲಿನ ಜಾಗಕ್ಕೆ ತಡೆ ಹಾಕುವುದು ಎಂದಿದೆ. ಮೇಲೆ ಬರೆದ ಪ್ರತಿಯೊಂದೂ ಈ ಐದರಲ್ಲಿ ಒಂದಕ್ಕೆ ಸೇರುತ್ತದೆ.

ಇದನ್ನೆಲ್ಲ ಮಾಡುವವರಲ್ಲಿ ಹೆಚ್ಚಿನವರು ದುಷ್ಟರಲ್ಲ. ಬಿಚ್ಚಿದರೆ ಮುಂದೇನು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಇಲ್ಲಿ ಬಯ್ಗುಳ ಬೇಡ. ಯಾವುದರ ಬದಲಿಗೆ ಏನು, ಎಷ್ಟು, ಹೇಗೆ ಎಂದು ಗೊತ್ತಿರುವವರು ಬರೆಯಿರಿ.

ವಕೀಲರು, ಪುತ್ತೂರು

ಮೊದಲು ಕಾನೂನು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹಾನಿ ಮಾಡುತ್ತಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ಬುದ್ಧಿಮಾಂದ್ಯವನ್ನು ‘ಮಾನಸಿಕ ಅಸ್ವಸ್ಥತೆ’ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದನ್ನೇ ಹಿಡಿದು ‘ನಮ್ಮ ಶಾಲೆಗೆ ಆ ನಿಯಮ ಅನ್ವಯಿಸುವುದಿಲ್ಲ’ ಎನ್ನುವವರಿದ್ದಾರೆ. ಅವರಿಗೆ ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಅನ್ವಯಿಸುತ್ತದೆ. ಕಲಂ 6 ಕ್ರೂರ, ಅಮಾನವೀಯ ನಡವಳಿಕೆಯ ವಿರುದ್ಧ ರಕ್ಷಣೆ ಕೊಡುತ್ತದೆ, ಕಲಂ 7 ದೌರ್ಜನ್ಯ ಮತ್ತು ಶೋಷಣೆಯ ವಿರುದ್ಧ. ಕಲಂ 92ರ ಅಡಿ ತನ್ನ ವಶದಲ್ಲಿರುವವರಿಗೆ ಅನ್ನ ನೀರು ನಿರಾಕರಿಸುವುದು, ಅವರ ಅಂಗಾಂಗದ ಅಥವಾ ಆಧಾರ ಸಾಧನದ ಬಳಕೆಗೆ ಬೇಕೆಂದೇ ಅಡ್ಡಿ ಮಾಡುವುದು ಅಪರಾಧ. ಶಿಕ್ಷೆ 6 ತಿಂಗಳಿಂದ 5 ವರ್ಷ ಜೈಲು, ಜೊತೆಗೆ ದಂಡ. ಅಟ್ಟಕ್ಕೆ ಹೋದ ಆ ವಾಕರ್ ಈ ಕಲಮಿನ ವ್ಯಾಪ್ತಿಗೆ ಬರಬಹುದು.

ಇನ್ನು ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ: 2017ರ ಕಾಯ್ದೆಯ ಕಲಂ 95 ಸಂಕೋಲೆಯನ್ನು ಯಾವ ರೂಪದಲ್ಲೂ ನಿಷೇಧಿಸುತ್ತದೆ. ಕಲಂ 97 ಏಕಾಂತ ಬಂಧನವನ್ನು ಪೂರ್ತಿ ನಿಷೇಧಿಸುತ್ತದೆ. ಮೈ ಹಿಡಿದು ತಡೆಯುವುದಕ್ಕೆ ಎರಡು ಷರತ್ತು: ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇರಬಾರದು, ಮತ್ತು ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿ ಇರಬೇಕು. ಯಾವ ಬಗೆಯಲ್ಲಿ, ಯಾಕೆ, ಎಷ್ಟು ಹೊತ್ತು ಎಂಬುದು ದಾಖಲೆಯಲ್ಲಿ ಇರಬೇಕು. ನಾಮನಿರ್ದೇಶಿತ ಪ್ರತಿನಿಧಿಗೆ (ರೋಗಿಯ ಪರವಾಗಿ ಹೆಸರಿಸಲಾದವರಿಗೆ) 24 ಗಂಟೆಯೊಳಗೆ ತಿಳಿಸಬೇಕು. ಪ್ರತಿ ತಿಂಗಳು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ವರದಿ ಹೋಗಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೂ ಕಟ್ಟುವಂತಿಲ್ಲ.

ಪಾಲಕತ್ವದ ಆದೇಶ ಕೈಯಲ್ಲಿದೆ ಎಂದ ಮಾತ್ರಕ್ಕೆ ಕಟ್ಟುವ ಹಕ್ಕು ಬರುವುದಿಲ್ಲ. ತಂದೆ ತಾಯಿ ಸಹಿ ಹಾಕಿದ ‘ಒಪ್ಪಿಗೆ ಪತ್ರ’ವೂ ಅಷ್ಟೇ.

ದೂರು ಯಾರಿಗೆ ಎಂದು ಕೇಳುವವರಿಗೆ: 2016ರ ಕಾಯ್ದೆಯ ಕಲಂ 7ರ ಅಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿಗೆ. ದಕ್ಷಿಣ ಕನ್ನಡಕ್ಕೆ ಮಂಗಳೂರು ಮತ್ತು ಪುತ್ತೂರು, ಉಡುಪಿ ಜಿಲ್ಲೆಗೆ ಕುಂದಾಪುರ. ಯಾರು ಬೇಕಾದರೂ ಮಾಹಿತಿ ಕೊಡಬಹುದು. ಉಚಿತ ಕಾನೂನು ನೆರವಿಗೆ 15100, ಮಕ್ಕಳ ವಿಷಯವಾದರೆ 1098.

ವಾರ್ಡ್ ನರ್ಸ್, ಮಂಗಳೂರು

ಕಾನೂನು ‘ಬೇರೆ ದಾರಿ ಇಲ್ಲದಾಗ’ ಎನ್ನುವ ಆ ಹೊತ್ತಿನ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಸಾವು ಆಗುವುದೇ ಅಲ್ಲಿ. ಬೋರಲು ಮಲಗಿಸಿ ಬೆನ್ನಿನ ಮೇಲೆ ಮೊಣಕಾಲು ಊರಬೇಡಿ. ಎದೆ ನೆಲಕ್ಕೆ ಒತ್ತಿದಾಗ ಪಕ್ಕೆಲುಬು ಹಿಗ್ಗುವುದಿಲ್ಲ, ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯುವುದಿಲ್ಲ. ಒದ್ದಾಡಿ ಒದ್ದಾಡಿ ಆಮ್ಲಜನಕದ ಬೇಡಿಕೆ ಏರಿರುವಾಗಲೇ ಉಸಿರು ಒಳಗೆ ಹೋಗದ ಸ್ಥಿತಿ. ಸ್ಥೂಲಕಾಯದವರು, ಆಗಷ್ಟೇ ಊಟ ಮಾಡಿದವರು, ನಿದ್ದೆಯ ಇಂಜೆಕ್ಷನ್ ಪಡೆದವರಿಗೆ ಇನ್ನೂ ಅಪಾಯ. ‘ಉಸಿರಾಡಲು ಆಗ್ತಿಲ್ಲ’ ಎಂದರೆ ನಾಟಕ ಎಂದುಕೊಳ್ಳಬೇಡಿ, ತಕ್ಷಣ ಬಿಡಿ. ಒದ್ದಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರೆ ‘ಶಾಂತನಾದ’ ಅಂತಲ್ಲ, ಮೊದಲು ಮುಖದ ಬಣ್ಣ, ತುಟಿ, ಉಸಿರು ನೋಡಿ.

ಹಿಡಿಯಲೇಬೇಕಾದರೆ ನಿಂತ ಅಥವಾ ಕುಳಿತ ಭಂಗಿಯಲ್ಲಿ, ಇಬ್ಬರು, ಒಬ್ಬೊಬ್ಬರು ಒಂದೊಂದು ಬದಿಯಲ್ಲಿ ಮುಂಗೈ ಮತ್ತು ತೋಳಿನ ಹತ್ತಿರ. ಕೀಲುಗಳನ್ನು ತಿರುಚಬಾರದು. ಕುತ್ತಿಗೆ, ಎದೆ, ಹೊಟ್ಟೆಯ ಮೇಲೆ ಭಾರ ಹಾಕಬಾರದು. ಮೂರನೆಯವರು ಮುಖವನ್ನು ಮಾತ್ರ ನೋಡುತ್ತಿರಬೇಕು, ‘ಬಿಡಿ’ ಎನ್ನುವ ಅಧಿಕಾರ ಅವರದ್ದು. ಅಪಾಯ ಕಳೆದ ಕ್ಷಣವೇ ಬಿಡಬೇಕು, ‘ತಪ್ಪಾಯ್ತು ಅನ್ನು, ಆಮೇಲೆ ಬಿಡ್ತೇನೆ’ ಎಂದು ಎಳೆಯಬಾರದು.

ಕೂದಲು ಹಿಡಿದರೆ ಎಳೆಯಬೇಡಿ. ಅವರ ಕೈಯನ್ನು ನಿಮ್ಮ ಎರಡೂ ಕೈಗಳಿಂದ ತಲೆಗೇ ಒತ್ತಿ ಹಿಡಿದುಕೊಳ್ಳಿ, ನೋವು ನಿಲ್ಲುತ್ತದೆ, ಬೆರಳು ತಾನಾಗಿ ಸಡಿಲವಾಗುತ್ತದೆ. ಕಚ್ಚಿದರೆ ಕೈ ಹಿಂದಕ್ಕೆಳೆದರೆ ಚರ್ಮ ಹರಿಯುತ್ತದೆ, ಮೆಲ್ಲಗೆ ಬಾಯಿಯ ಕಡೆಗೇ ಒತ್ತಿದರೆ ದವಡೆ ತೆರೆಯುತ್ತದೆ. ಕೆಲಸದ ಹೊತ್ತಿನಲ್ಲಿ ಜಡೆ ಮೇಲೆ ಕಟ್ಟಿಕೊಳ್ಳಿ, ದುಪಟ್ಟಾ ಬೇಡ, ಕೊರಳ ಐಡಿ ಪಟ್ಟಿ ಎಳೆದರೆ ಬಿಚ್ಚಿಕೊಳ್ಳುವಂಥದ್ದಿರಲಿ. ಇಷ್ಟು ಗೊತ್ತಿದ್ದರೆ ಹಿಡಿಯಬೇಕಾದ ಎಷ್ಟೋ ಸಂದರ್ಭ ತಪ್ಪುತ್ತದೆ.

ವಿಶೇಷ ಶಿಕ್ಷಕಿ, ಕಟಪಾಡಿ

ಸಿಟ್ಟು ಬರುವ ಮೊದಲಿನ ಹಂತಕ್ಕೆ ಬರೋಣ. ಒಂದು ಹಾಳೆಯಲ್ಲಿ ಮೂರು ಕಾಲಂ ಸಾಕು: ಮೊದಲು, ಆಗ, ಆಮೇಲೆ. ಹೊತ್ತು ನಿಮಿಷದವರೆಗೆ ಬರೆಯಿರಿ. ‘ಹಠ ಮಾಡಿದ’ ಎಂದು ಬರೆಯಬೇಡಿ. ‘11:40, ಊಟದ ಸಾಲಿನಲ್ಲಿ 15 ನಿಮಿಷ ನಿಂತಿದ್ದ, ಪಕ್ಕದವನ ತಟ್ಟೆ ತಳ್ಳಿದ, ಅವನನ್ನು ಮೊದಲು ಊಟಕ್ಕೆ ಕೂರಿಸಿದೆವು’ ಎಂದು ಬರೆಯಿರಿ. 14 ದಿನ ಬರೆದರೆ ಸಾಮಾನ್ಯವಾಗಿ ಎರಡು ಮೂರು ಹೊತ್ತುಗಳು ಎದ್ದು ಕಾಣುತ್ತವೆ. ಆ ನಡವಳಿಕೆ ಅವನಿಗೆ ಏನನ್ನು ಕೊಡುತ್ತಿದೆ ಎಂಬುದು ಮೂರನೇ ಕಾಲಮಿನಲ್ಲಿರುತ್ತದೆ: ಬೇಡದ್ದರಿಂದ ತಪ್ಪಿಸಿಕೊಳ್ಳುವುದೋ, ಗಮನವೋ, ವಸ್ತುವೋ, ಅಥವಾ ಮೈಗೆ ಸಿಗುವ ಸಂವೇದನೆಯೋ.

ಆಮೇಲೆ ಅದೇ ಫಲವನ್ನು ಕೊಡುವ ಸುಲಭದ ದಾರಿ ಕಲಿಸಬೇಕು. ಕೆಲಸ ಬೇಡವೆಂದು ತಲೆ ಚಚ್ಚಿಕೊಳ್ಳುವವನಿಗೆ ‘ವಿರಾಮ’ ಕಾರ್ಡ್. ಮೊದಲ ವಾರ ಕಾರ್ಡ್ ಕೊಟ್ಟ ಪ್ರತಿ ಸಲವೂ, 3 ಸೆಕೆಂಡಿನೊಳಗೆ ವಿರಾಮ ಸಿಗಲೇಬೇಕು. ಹತ್ತು ಸಲದಲ್ಲಿ ನಾಲ್ಕು ಸಲ ಮಾತ್ರ ಕೊಟ್ಟರೆ ಅವನು ಕಾರ್ಡ್ ಬಿಟ್ಟು ಗೋಡೆಗೇ ಹೋಗುತ್ತಾನೆ, ಗೋಡೆ ಹತ್ತು ಸಲವೂ ಕೆಲಸ ಮಾಡುತ್ತದಲ್ಲ.

ನಮ್ಮೂರಿನ ಒಂದು ವಿಷಯವನ್ನು ಒತ್ತಿ ಹೇಳಬೇಕು. ಮನೆಯಲ್ಲಿ ತುಳು ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಹಾಸ್ಟೆಲಿನ ಆಯಾ ಹೊರಜಿಲ್ಲೆಯವರು. ಹುಡುಗಿ ‘ಬೋಡ್ಚಿ’ ಎನ್ನುತ್ತಾಳೆ, ‘ನಾಕಾ’ ಎನ್ನುತ್ತಾಳೆ (ಎರಡಕ್ಕೂ ಅರ್ಥ ‘ಬೇಡ’), ಕೇಳುವವರಿಗೆ ಅದು ಬರಿಯ ಕೂಗು. ಬಾಯಿಮಾತು ವಿಫಲವಾದ ಮೇಲೆ ಕೈ ಎತ್ತುತ್ತಾಳೆ, ಕೈ ಕಟ್ಟುತ್ತಾರೆ. ಸೇರಿಸಿಕೊಳ್ಳುವ ದಿನವೇ ಮನೆಯವರಿಂದ 20 ಪದ ಬರೆಸಿಕೊಳ್ಳಿ: ಬೇಡ, ಸಾಕು, ನೀರು, ನೋವು, ಹೊಟ್ಟೆನೋವು, ಮೂತ್ರ, ಭಯ, ಮನೆ. ಆಕೆ ಹೇಗೆ ಉಚ್ಚರಿಸುತ್ತಾಳೋ ಹಾಗೆಯೇ ಬರೆದು ಹಾಸಿಗೆಯ ಪಕ್ಕ ಅಂಟಿಸಿ.

ಆಶ್ರಯಧಾಮ ಮೇಲ್ವಿಚಾರಕ

ಓದಲು ಚೆನ್ನಾಗಿದೆ. ರಾತ್ರಿ 40 ಮಂದಿಗೆ ಇಬ್ಬರು ಸಿಬ್ಬಂದಿ ಇರುವಲ್ಲಿ ಇದೆಲ್ಲ ಹೇಗೆ?

ವಿಶೇಷ ಶಿಕ್ಷಕಿ, ಕಟಪಾಡಿ

ಇಬ್ಬರು ಸಾಲದು, ಅದನ್ನು ಆಡಳಿತ ಮಂಡಳಿಗೆ ಲಿಖಿತವಾಗಿ ಕೊಡಿ. ಆದರೆ ಕಟ್ಟುವುದಕ್ಕೂ ಸಮಯ ಹೋಗುತ್ತದೆ: ಒದ್ದೆಯಾದ ಬಟ್ಟೆ, ಒತ್ತುಹುಣ್ಣಿನ ಡ್ರೆಸಿಂಗ್, ಬಿಚ್ಚಿದ ಮೇಲಿನ ರಂಪ. ಮೂರು ಕಾಲಮಿನ ಹಾಳೆಯನ್ನು ಎಲ್ಲರದ್ದೂ ಸೇರಿಸಿ ನೋಡಿ. ಗಲಾಟೆ ದಿನವಿಡೀ ಹರಡಿರುವುದಿಲ್ಲ, ಊಟಕ್ಕೆ ಮುಂಚೆ, ಸಂಜೆ ಕತ್ತಲಾಗುವ ಹೊತ್ತು, ಶಿಫ್ಟ್ ಬದಲಾಗುವಾಗ ಗುಂಪುಗೂಡಿರುತ್ತದೆ. 40 ಜನರ ಒಂದೇ ಪಂಕ್ತಿಯ ಬದಲು ಮೂರು ಪಂಕ್ತಿ ಮಾಡಿ, ಕಾಯಲಾಗದವರನ್ನು ಮೊದಲನೆಯದರಲ್ಲಿ ಕೂರಿಸಿ. ಶಿಫ್ಟ್ ಅರ್ಧ ಗಂಟೆ ಒಂದರ ಮೇಲೊಂದು ಬರಲಿ. ಜನ ಹೆಚ್ಚಿಸದೆ ಆಗುವ ಕೆಲಸ ಇದು.

ಆಕ್ಯುಪೇಶನಲ್ ಥೆರಪಿಸ್ಟ್, ಮಣಿಪಾಲ

ಬೈರಾಸಿನ ಕಥೆ ಹೆಚ್ಚಾಗಿ ಕುರ್ಚಿಯ ಅಳತೆಯಿಂದಲೇ ಶುರುವಾಗುತ್ತದೆ. ಶಿಬಿರದಲ್ಲಿ ಸಿಗುವ ಗಾಲಿಕುರ್ಚಿಗಳಲ್ಲಿ ಬಹುಪಾಲು ದೊಡ್ಡವರ ಅಳತೆ, ಸೀಟು ಸುಮಾರು 18 ಇಂಚು ಅಗಲ. 11 ಇಂಚಿನ ಸೊಂಟದ ಮಗು ಅದರಲ್ಲಿ ಒಂದು ಬದಿಗೆ ವಾಲುತ್ತದೆ, ಸೀಟಿನ ಆಳ ಹೆಚ್ಚಾಗಿ ಮುಂದಕ್ಕೆ ಜಾರುತ್ತದೆ, ಜಾರುತ್ತದೆಂದು ಎದೆಗೆ ಕಟ್ಟುತ್ತಾರೆ. ಜಾರುವ ಮೈಗೆ ಎದೆಯ ಕಟ್ಟು ಕುತ್ತಿಗೆಗೆ ಬರುತ್ತದೆ. ಉಸಿರುಗಟ್ಟುವುದು ಹೀಗೆ.

ಸರಿಪಡಿಸುವ ಕ್ರಮ: ಮೊಣಕಾಲಿನ ಹಿಂಬದಿಗೂ ಸೀಟಿನ ಅಂಚಿಗೂ ಮೂರು ಬೆರಳಿನಷ್ಟು, ಸುಮಾರು 5 ಸೆಂ.ಮೀ. ಜಾಗ ಇರುವಂತೆ ಬೆನ್ನಿಗೆ ಗಟ್ಟಿ ಫೋಮ್ ಇಡಿ. ಸೊಂಟದ ಎರಡೂ ಬದಿಗೆ ರೆಕ್ಸಿನ್ ಸುತ್ತಿದ ಫೋಮ್ ಬ್ಲಾಕ್. ಪಾದ ತೂಗಾಡದೆ ಪೂರ್ತಿ ಊರಬೇಕು, ಎತ್ತರ ಸಾಲದಿದ್ದರೆ ಮರದ ಮಣೆ. ಬೆಲ್ಟ್ ಬೇಕಾದರೆ ಸೊಂಟಕ್ಕೆ, ಸೀಟಿಗೆ 45ರಿಂದ 60 ಡಿಗ್ರಿ ಕೋನದಲ್ಲಿ, ಎರಡು ಬೆರಳು ಹೋಗುವಷ್ಟು ಸಡಿಲ, ಬಕಲ್ ಮುಂದೆ. ಕುಳಿತವರು ತಾವೇ ಬಿಚ್ಚಬಲ್ಲರಾದರೆ ಅಥವಾ ಬಿಚ್ಚಿ ಎಂದು ಹೇಳಬಲ್ಲರಾದರೆ ಅದು ಆಸರೆ. ಎದ್ದು ನಡೆಯಬಲ್ಲವರು ಏಳಬಾರದೆಂದು ಹಿಂದೆ ಬಕಲ್ ಹಾಕಿದರೆ ಅದು ಕಟ್ಟು. ಟ್ರೇಗೂ ಇದೇ ಪರೀಕ್ಷೆ.

ಹಾಸಿಗೆಯ ಕಂಬಿ: ಸರಳುಗಳ ನಡುವೆ, ಕಂಬಿ ಹಾಸಿಗೆಗಳ ನಡುವೆ 12 ಸೆಂ.ಮೀ.ಗಿಂತ ಹೆಚ್ಚು ಸಂದು ಇದ್ದರೆ ತಲೆ ಸಿಕ್ಕಿಕೊಳ್ಳಬಹುದು. ಹತ್ತಿ ದಾಟುವವರಿಗೆ ಕಂಬಿ ಬೀಳುವ ಎತ್ತರವನ್ನು ಹೆಚ್ಚಿಸುತ್ತದೆಯಷ್ಟೆ. ಅದರ ಬದಲು ನೆಲದಿಂದ 6 ಇಂಚಿನ ಮರದ ಚೌಕಟ್ಟಿನ ಮೇಲೆ ಹಾಸಿಗೆ, ಪಕ್ಕದಲ್ಲಿ ದಪ್ಪ ಚಾಪೆ. ನೇರ ನೆಲಕ್ಕೆ ಹಾಕಿದರೆ ನಮ್ಮ ಮಳೆಗಾಲಕ್ಕೆ ಅಡಿಯಲ್ಲಿ ಬೂಷ್ಟು ಬರುತ್ತದೆ, ಅದಕ್ಕೇ ಚೌಕಟ್ಟು.

ಮೊಣಕೈಯ ರಟ್ಟು: ಇದನ್ನು ಒಮ್ಮೆಲೇ ಕಿತ್ತರೆ ಮೊದಲ ಹತ್ತು ನಿಮಿಷದಲ್ಲಿ ಗಾಯವಾಗುತ್ತದೆ, ‘ನೋಡಿ, ಆಗುವುದಿಲ್ಲ’ ಎಂದು ವರ್ಷಗಟ್ಟಲೆ ಮತ್ತೆ ಕಟ್ಟುತ್ತಾರೆ. ಬಟ್ಟೆಯ ತೋಳಿನಲ್ಲಿ ಉದ್ದಕ್ಕೆ 6 ಪಟ್ಟಿ ಹೊಲಿದು, ಒಂದೊಂದೇ ಪಟ್ಟಿ ತೆಗೆಯುತ್ತ ಬನ್ನಿ. ಮೂರು ದಿನ ಗಾಯವಿಲ್ಲದಿದ್ದರೆ ಮಾತ್ರ ಮುಂದಿನ ಪಟ್ಟಿ. ಮೊದಲ ಬಿಡುವು ಕೈಗೆ ಇಷ್ಟದ ಕೆಲಸ ಇರುವ ಹೊತ್ತಿಗೆ, 20 ನಿಮಿಷ. ಎರಡು ಗಂಟೆಗೊಮ್ಮೆ ಚರ್ಮ ನೋಡಿ.

ವಕೀಲರು, ಪುತ್ತೂರು

ಒಂದು ಅಸಮ್ಮತಿ. ‘ನಿಧಾನಕ್ಕೆ ಬಿಡಿಸೋಣ’ ಎಂಬ ಮಾತು ಸರಪಳಿಗೆ, ಹೊರಚಿಲಕಕ್ಕೆ ಅನ್ವಯಿಸುವುದಿಲ್ಲ. ಅದು ಇವತ್ತೇ ಹೋಗಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಚಪ್ಪರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು, ಒಟ್ಟು 28 ಮಂದಿ. ಬೆಂಕಿಗೆ ಹಂತಗಳಿಲ್ಲ.

ಆಕ್ಯುಪೇಶನಲ್ ಥೆರಪಿಸ್ಟ್, ಮಣಿಪಾಲ

ಒಪ್ಪಿದೆ. ಹಂತ ಹಂತ ಎಂದದ್ದು ಬಿಚ್ಚಿದರೆ ತಮಗೇ ಗಾಯ ಮಾಡಿಕೊಳ್ಳುವವರ ತೋಳಿನ ಪಟ್ಟಿ, ಶಿರಸ್ತ್ರಾಣಗಳಿಗೆ ಮಾತ್ರ. ಅದಕ್ಕೂ ಮುಗಿಯುವ ತಾರೀಕು ಬರೆದಿರಬೇಕು.

ಮನೋವೈದ್ಯ, ಉಡುಪಿ

ಕಣ್ಣಿಗೆ ಕಾಣದ ಕಟ್ಟು ಮಾತ್ರೆ. 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಬೌದ್ಧಿಕ ಅಂಗವೈಕಲ್ಯವಿದ್ದು ಆಕ್ರಮಣ ತೋರುತ್ತಿದ್ದ 86 ಮಂದಿಗೆ ಮನೋರೋಗದ ಔಷಧಿಗಳಾದ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಅಥವಾ (ಔಷಧಿಯೇ ಇಲ್ಲದ) ಹುಸಿಮಾತ್ರೆ ಕೊಟ್ಟು ನೋಡಿದರು. ಮೂರೂ ಗುಂಪಿನಲ್ಲಿ ಆಕ್ರಮಣ ಇಳಿಯಿತು, ಹುಸಿಮಾತ್ರೆಯ ಗುಂಪು ಏನೂ ಹಿಂದೆ ಬೀಳಲಿಲ್ಲ. ಇಂಗ್ಲೆಂಡಿನಲ್ಲಿ ಸೂಕ್ತ ಕಾರಣವಿಲ್ಲದೆ ಇಂಥ ಮಾತ್ರೆ ತಿನ್ನುತ್ತಿರುವವರು 30,000ದಿಂದ 35,000 ಎಂದು ಅಂದಾಜಾದ ಮೇಲೆ 2016ರಲ್ಲಿ ‘ಸ್ಟಾಂಪ್’ ಎಂಬ ಕಾರ್ಯಕ್ರಮವನ್ನೇ ಶುರು ಮಾಡಿದರು.

ಎಲ್ಲಿ ತಪ್ಪುತ್ತದೆ ಎಂದರೆ, ಹ್ಯಾಲೊಪೆರಿಡಾಲ್‌ನಂಥ ಔಷಧಿ ಶುರುವಾದ ಅಥವಾ ಡೋಸ್ ಏರಿಸಿದ ಕೆಲವು ದಿನ, ವಾರಗಳಲ್ಲಿ ಕೆಲವರಿಗೆ ಅಕಥೀಸಿಯಾ ಬರುತ್ತದೆ. ಒಂದು ಕಡೆ ಕೂರಲಾಗುವುದಿಲ್ಲ, ಕಾಲು ಬದಲಿಸುತ್ತ ನಿಲ್ಲುತ್ತಾರೆ, ಅತ್ತಿಂದಿತ್ತ ನಡೆಯುತ್ತಾರೆ. ಮಾತು ಬಾರದವರಲ್ಲಿ ಅದು ‘ಗಲಾಟೆ ಜಾಸ್ತಿಯಾಗಿದೆ’ ಎಂದು ವರದಿಯಾಗುತ್ತದೆ, ಡೋಸ್ ಇನ್ನೂ ಏರುತ್ತದೆ. ಅಡ್ಡಪರಿಣಾಮ ತಡೆಯಲೆಂದು ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಿಂದ ಮಲಬದ್ಧತೆ, ಹೊಟ್ಟೆನೋವಿನಿಂದ ಮತ್ತೆ ಗಲಾಟೆ, ಮತ್ತೆ ಮಾತ್ರೆ.

ಆದ್ದರಿಂದ ಡೋಸ್ ಏರಿಸಿ ಎಂದು ವೈದ್ಯರ ಬಳಿ ಹೋಗುವ ಮೊದಲು ನೋಡಬೇಕಾದ್ದು: ಮೂರು ದಿನದಿಂದ ಮಲವಿಸರ್ಜನೆ ಆಗಿದೆಯೇ, ಹಲ್ಲು, ಕಿವಿ, ಮೂತ್ರದ ಸೋಂಕು, ಮುಟ್ಟಿನ ನೋವು, ಎದೆಯುರಿ. ಮಳೆಗಾಲದಲ್ಲಿ ಹಾಸ್ಟೆಲುಗಳಲ್ಲಿ ಕಜ್ಜಿ, ತೊಡೆಸಂದಿನ ಹುಳುಕಡ್ಡಿ ಸಾಮಾನ್ಯ. ರಾತ್ರಿ ಹೆಚ್ಚುವ ತುರಿಕೆಯನ್ನು ‘ರಾತ್ರಿ ಹುಚ್ಚು’ ಎಂದು ಮಾತ್ರೆ ಕೊಟ್ಟರೆ ಏನು ಬಂತು? ಬೆರಳ ಸಂದು ನೋಡಿ.

ಇಳಿಸುವುದು ವೈದ್ಯರ ಜೊತೆಗೇ. ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಡೋಸ್‌ನ ಶೇ. 10ರಿಂದ 25. ಇಳಿಸಿದ ಮೊದಲ ಒಂದೆರಡು ವಾರ ನಿದ್ದೆ ಕೆಡಬಹುದು, ಚಡಪಡಿಕೆ ಬರಬಹುದು. ಅದನ್ನು ಕಂಡು ಹೆದರಿ ಹಳೆಯ ಡೋಸ್‌ಗೆ ಜಿಗಿಯದೆ ಕಾದು ನೋಡಲು ಮೊದಲೇ ಮಾತಾಡಿಕೊಂಡಿರಿ. ವಾಲ್‌ಪ್ರೋಯೇಟ್‌ನಂಥ ಮೂರ್ಛೆಯ ಮಾತ್ರೆಯನ್ನು ಯಾವ ಕಾರಣಕ್ಕೂ ನೀವಾಗಿ ನಿಲ್ಲಿಸಬೇಡಿ. ‘ಎಸ್‌ಒಎಸ್’ (ತೀರ ಬೇಕಾದಾಗ ಮಾತ್ರ) ಎಂದು ಬರೆದ ಮಾತ್ರೆಗೆ ಮೂರು ವಿಷಯ ಕೇಳಿ ಬರೆಸಿಕೊಳ್ಳಿ: ಯಾವ ಲಕ್ಷಣಕ್ಕೆ, 24 ಗಂಟೆಯಲ್ಲಿ ಗರಿಷ್ಠ ಎಷ್ಟು, ವಾರದಲ್ಲಿ ಎಷ್ಟು ಸಲ ಮೀರಿದರೆ ಕರೆತರಬೇಕು. ಗಂಜಿಯಲ್ಲಿ ಕದ್ದು ಬೆರೆಸಿ ಕೊಡುವುದರಿಂದ ಅನ್ನದ ಮೇಲಿನ ನಂಬಿಕೆಯೇ ಹೋಗುತ್ತದೆ, ಆಮೇಲೆ ಊಟ ಬಿಟ್ಟರೆ ಅದಕ್ಕೊಂದು ಮಾತ್ರೆ. ಸಲಹೆಗೆ 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಕನ್ನಡದಲ್ಲಿ ಮಾತಾಡಬಹುದು.

ಅಂಗವಿಕಲರ ಒಕ್ಕೂಟದ ಸದಸ್ಯೆ

ಇಲ್ಲಿವರೆಗೂ ‘ಅಪಾಯಕಾರಿ ನಡವಳಿಕೆ’ ಇರುವವರ ಮಾತಾಯಿತು. ಏನೂ ಮಾಡದವರಿಗೂ ಕಟ್ಟು ಇದೆ. ಒಬ್ಬರು ಹೊರಗೆ ಓಡುತ್ತಾರೆಂದು ಮುಂಬಾಗಿಲಿಗೆ ಬೀಗ ಹಾಕಿದರೆ ಉಳಿದ 39 ಮಂದಿಯೂ ಬಂದಿಗಳೇ. ಉಳಿದವರಿಗೆ ಬೀಗದ ಕೈ ಕೊಡಿ, ಹೇಗೆಂದು ಕಲಿಸಿ. ಹೇನಿನ ನೆಪದಲ್ಲಿ ಎಲ್ಲ ಹುಡುಗಿಯರ ತಲೆ ಬೋಳಿಸುವುದು, ಮುಟ್ಟು ನಿಭಾಯಿಸಲು ಆಗುವುದಿಲ್ಲವೆಂದು ಗರ್ಭಕೋಶ ತೆಗೆಸುವ ಮಾತು ಎತ್ತುವುದು ಇದೇ ಸಾಲಿನವು. 1994ರಲ್ಲಿ ಪುಣೆಯಲ್ಲಿ ಸರಕಾರಿ ಧಾಮವೊಂದರ ಹುಡುಗಿಯರಿಗೆ ಹಾಗೆ ಮಾಡಿದ್ದು ದೇಶವಿಡೀ ಪ್ರತಿಭಟನೆಗೆ ಕಾರಣವಾಯಿತು. 2009ರಲ್ಲಿ ಚಂಡೀಗಢದ ಗರ್ಭಪಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆಣ್ಣಿನ ಒಪ್ಪಿಗೆಯನ್ನು ಬದಿಗೆ ಸರಿಸಲಾಗದು ಎಂದಿತು. ಮುಟ್ಟಿಗೆ ಬೇಕಾದ್ದು ಚಿತ್ರದ ಹಂತಪಟ್ಟಿ, ಒಳ ಉಡುಪಿಗೆ ಹೊಲಿದ ಗುರುತಿನ ಗೆರೆ, ನೋವಿಗೆ ಮಾತ್ರೆ, ಮೊದಲ ಮೂರು ತಿಂಗಳು ಪಕ್ಕದಲ್ಲಿ ನಿಂತು ಕಲಿಸುವ ಒಬ್ಬ ಹೆಂಗಸು.

ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಬೆಳ್ತಂಗಡಿ

ಹಳ್ಳಿಮನೆಗಳಲ್ಲಿ ಹಗ್ಗಕ್ಕೆ ಕಾರಣ ಹೆಚ್ಚಾಗಿ ಒಂದೇ: ಬಾವಿ. ತಾಯಿ ಸುತ್ತಿದ ಬೀಡಿ ಕೊಡಲು ಹೋಗಿ ಬರುವಷ್ಟರಲ್ಲಿ ಮಗು ಬಾವಿಗೋ ಕೆರೆಗೋ ಹೋದರೆ ಎಂಬ ಹೆದರಿಕೆ. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತ ಊರುಗಳಲ್ಲಿ ಇದು ಇನ್ನೂ ಹೆಚ್ಚು. ಕೊಕ್ಕಡ, ಕೊಯಿಲದ ಹಗಲು ಆರೈಕೆ ಕೇಂದ್ರಗಳ ಹತ್ತಿರದವರು ಮೊದಲು ಅಲ್ಲಿ ಕೇಳಿ.

ಮಗುವನ್ನು ಕಟ್ಟುವ ಬದಲು ಬಾವಿಯನ್ನು ಕಟ್ಟಬೇಕು. ನೈಲಾನ್ ಬಲೆ ಎಲೆ ತಡೆಯುತ್ತದೆ, ಮನುಷ್ಯರನ್ನಲ್ಲ, ಬಿಸಿಲಿಗೆ ಪುಡಿಯಾಗುತ್ತದೆ. 12 ಮಿ.ಮೀ. ಸರಳಿನ ಗ್ರಿಲ್, ಸಂದು 4 ಇಂಚಿಗಿಂತ ಕಡಿಮೆ, ಕೊಡಪಾನ ಇಳಿಸುವಷ್ಟು ಒಂದು ಮುಚ್ಚಳ, ಅದಕ್ಕೆ ಚಿಲಕ. ನಮ್ಮ ಉಪ್ಪುಗಾಳಿಗೆ ಬರಿಯ ಬಣ್ಣ ನಿಲ್ಲುವುದಿಲ್ಲ, ಸತುವಿನ ಲೇಪ ಮಾಡಿಸಿ, ಕಟ್ಟೆಗೆ ಹೂತ ತುದಿಯಲ್ಲೇ ತುಕ್ಕು ಮೊದಲು ಹಿಡಿಯುವುದರಿಂದ ಪ್ರತಿ ಮೇ ತಿಂಗಳಲ್ಲಿ ಅಲುಗಾಡಿಸಿ ನೋಡಿ. ಕೆಂಪುಕಲ್ಲಿನ ಪಾಗಾರದ (ಆವರಣ ಗೋಡೆಯ) ಸಂದುಗಳು ಕಾಲಿಡಲು ಮೆಟ್ಟಿಲಾಗುತ್ತವೆ, ಒಳಬದಿಗೆ ನುಣುಪು ಗಾರೆ ಮಾಡಿ. ತಡಮೆಗೆ (ಬೇಲಿಯ ದಾಟುಗಂಡಿಗೆ), ಬಾಗಿಲಿಗೆ ದನದ ಗಂಟೆ ಅಥವಾ ಬ್ಯಾಟರಿಯ ಬಾಗಿಲಗಂಟೆ ಸಾಕು.

ಇದರ ಜೊತೆ, ಎಲ್ಲಿಗೆ ಓಡುತ್ತಾನೆ ಎಂದು ನೋಡಿ. ಪ್ರತಿ ಸಲ ಬಸ್ಸು ನೋಡಲು ರಸ್ತೆಗೇ ಹೋಗುವುದಾದರೆ, ದಿನಕ್ಕೆರಡು ಸಲ ಬಸ್ಸಿನ ಹೊತ್ತಿಗೆ ನೀವೇ ಕರೆದುಕೊಂಡು ಹೋಗಿ. ಓಟ ತಾನಾಗಿ ಕಡಿಮೆಯಾಗುತ್ತದೆ.

ಆಶ್ರಯಧಾಮ ಮೇಲ್ವಿಚಾರಕ

ಸರಿ, ಒಂದು ಕಡೆಯಿಂದ ಶುರು ಮಾಡುವುದಾದರೆ? ಹಿಂದೆ ಒಮ್ಮೆಲೇ ಎಲ್ಲ ನಿಲ್ಲಿಸಿದ ಕಡೆ ಒಂದೇ ವಾರದಲ್ಲಿ ಮತ್ತೆ ಹಳೆಯ ಹಾದಿ ಹಿಡಿದದ್ದುಂಟು.

ವಾರ್ಡ್ ನರ್ಸ್, ಮಂಗಳೂರು

ಮೊದಲು ಎಣಿಸಿ. ಒಂದು ವಾರ ಏನನ್ನೂ ಬದಲಿಸದೆ (ಸರಪಳಿ, ಹೊರಚಿಲಕ, ಬೋರಲು ಮಲಗಿಸುವುದು ಬಿಟ್ಟು, ಅವು ಮೊದಲ ದಿನವೇ ನಿಲ್ಲಬೇಕು) ಯಾರನ್ನು, ಎಷ್ಟು ನಿಮಿಷ, ಯಾವುದರಿಂದ ತಡೆದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಸ್‌ಒಎಸ್ ಮಾತ್ರೆಯನ್ನೂ ಸೇರಿಸಿ. ಆಮೇಲೆ ನಿಮಿಷ ಅತಿ ಹೆಚ್ಚಿರುವ ಇಬ್ಬರನ್ನು ಆರಿಸಿ, ಅವರ ಒಂದು ಹೊತ್ತನ್ನು ಮಾತ್ರ ಬದಲಿಸಿ.

ಆ ಒಂದು ವಾರದ ಸೋಲಿಗೆ ಕಾರಣ ಹೀಗಿರುತ್ತದೆ: ಹಳೆಯ ದಾರಿ ಕೆಲಸ ಮಾಡದಿದ್ದಾಗ ಮೊದಲ ಮೂರರಿಂದ ಐದು ದಿನ ಕೂಗು, ಹೊಡೆತ ಏರುತ್ತದೆ, ಆಮೇಲೆ ಇಳಿಯುತ್ತದೆ. ನಾಲ್ಕನೇ ದಿನ ಹೆದರಿ ಕಟ್ಟಿದರೆ ‘ಇನ್ನೂ ಜೋರಾಗಿ ಹೊಡೆದರೆ ಮಾತ್ರ ಗಮನಿಸುತ್ತಾರೆ’ ಎಂದು ನಾವೇ ಕಲಿಸಿದಂತೆ. ಆ ಐದು ದಿನಕ್ಕೆ ಒಬ್ಬ ಹೆಚ್ಚುವರಿ ಸಿಬ್ಬಂದಿಯನ್ನು ಮೊದಲೇ ಗೊತ್ತು ಮಾಡಿ, ಮನೆಯವರಿಗೂ ತಿಳಿಸಿ. ರಜೆ, ಹಬ್ಬ, ಸಿಬ್ಬಂದಿ ಬದಲಾವಣೆಯ ವಾರದಲ್ಲಿ ಶುರು ಮಾಡಬೇಡಿ.

ಯಾರನ್ನಾದರೂ ಹಿಡಿಯಬೇಕಾಗಿ ಬಂದರೆ ಅದೇ ದಿನ ಕುಳಿತು ಮಾತಾಡಿ, ಅವರೊಂದಿಗೂ. ಯಾವಾಗ ತಡೆಯಬಹುದಿತ್ತು ಎಂಬ ಒಂದೇ ಪ್ರಶ್ನೆ. ನೋಟ್‌ಬುಕ್ ತಪ್ಪು ಹಿಡಿಯಲು ಬಳಕೆಯಾದರೆ ಮರುದಿನದಿಂದ ಯಾರೂ ಬರೆಯುವುದಿಲ್ಲ.

ಆಶ್ರಯಧಾಮ ಮೇಲ್ವಿಚಾರಕ

ಅಷ್ಟಮಿಯ ಹುಲಿವೇಷ ಬೀದಿಗೆ ಬಂದಾಗ ಮೂವರನ್ನು ಕೋಣೆಯಲ್ಲಿ ಕೂಡಿಹಾಕುವುದು ರೂಢಿ. ಅದರ ಬದಲಿಗೆ ಏನು?

ಆಕ್ಯುಪೇಶನಲ್ ಥೆರಪಿಸ್ಟ್, ಮಣಿಪಾಲ

ಎರಡು ವಾರ ಮೊದಲೇ ಇಯರ್‌ಮಫ್ ಅಭ್ಯಾಸ ಮಾಡಿಸಿ. ಮೊದಲ ದಿನ ಒಂದು ನಿಮಿಷ, ದಿನಕ್ಕೊಂದು ನಿಮಿಷ ಏರಿಸಿ, ಇಷ್ಟದ ಆಟದ ಹೊತ್ತಿನಲ್ಲೇ. ಕಿವಿಯ ಸುತ್ತ ಬೆವರುವುದರಿಂದ ಒಳಗೆ ಹತ್ತಿ ಬಟ್ಟೆ ಇಡಿ. ಮೂರು ದಿನ ಮೊದಲಿನಿಂದ ಹುಲಿಯ ಚಿತ್ರ ತೋರಿಸಿ ‘ಬರುತ್ತದೆ, ಕುಣಿಯುತ್ತದೆ, ಹೋಗುತ್ತದೆ’ ಎಂದು ದಿನಾ ಹೇಳಿ. ನೋಡಬೇಕೋ ಒಳಗಿರಬೇಕೋ ಎಂದು ಅವರನ್ನೇ ಕೇಳಿ, ಎರಡು ಚಿತ್ರ ಮುಂದಿಟ್ಟು. ಒಳಗೆ ಎಂದವರಿಗೆ ಹಿಂಬದಿಯ ಕೋಣೆ, ಫ್ಯಾನ್, ಜೊತೆಗೆ ಒಬ್ಬರು, ಬಾಗಿಲು ತೆರೆದೇ ಇರಲಿ. ನೋಡುತ್ತೇನೆ ಎಂದವರನ್ನು ಬಾಗಿಲ ಹತ್ತಿರ ಕೂರಿಸಿ, ಹಿಂದೆ ಸರಿಯಲು ದಾರಿ ಬಿಟ್ಟು. ತಾಸೆಯ ಸದ್ದು ಬೀದಿಯ ತುದಿಯಲ್ಲಿ ಕೇಳುವಾಗಲೇ ಇಯರ್‌ಮಫ್ ಹಾಕಿಸಿ. ಎದುರು ಬಂದ ಮೇಲೆ ಹಾಕಿಸಲು ಹೋದರೆ ಕೈ ಹಿಡಿಯಬೇಕಾಗುತ್ತದೆ.